ಬಟನ್ ಒತ್ತಿದರೆ ನಿಜವಾದ ಪಿಟೀಲು ಬರುತ್ತದೆಯೇ? ಅರೇಂಜರ್ ಕೀಬೋರ್ಡುಗಳ ನಾಳೆ

ಗಣೇಶನ ಹಬ್ಬ ಹತ್ತಿರ ಬಂದ ಹಾಗೆ ಸಂಗೀತದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಓಡಾಡುತ್ತದೆ. ಥಳಥಳಿಸುವ ಹೊಸ ಕೀಬೋರ್ಡಿನ ಮುಂದೆ ಕೂತವರು ಎಡಗೈಯಲ್ಲಿ ಎರಡು ಮೂರು ಕೀ ಒತ್ತುತ್ತಾರೆ. ಡ್ರಮ್ಸ್, ಬೇಸ್ ಗಿಟಾರ್, ಪಿಟೀಲುಗಳ ಸಾಲು ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಬಲಗೈಯಲ್ಲಿ ಕೊಳಲು. ವಿಡಿಯೊದ ಕೆಳಗೊಂದು ಸಾಲು: ‘ಎಐ ಕೀಬೋರ್ಡ್ ಬಂದಾಯ್ತು, ಇನ್ನು ಆರ್ಕೆಸ್ಟ್ರಾದವರೆಲ್ಲ ಮನೆಗೆ.’

ಇಂಥದ್ದನ್ನು ನೋಡಿದ ರಸಮಂಜರಿ ತಂಡದ ಹುಡುಗನಿಗೆ ಎದೆ ಧಸಕ್ಕೆನ್ನುತ್ತದೆ. ಮಗಳಿಗೆ ಕೀಬೋರ್ಡ್ ಕೊಡಿಸಲು ಹೊರಟ ಅಪ್ಪ ‘ಹಾಗಾದರೆ ಆ ಎಐ ಮಾಡೆಲ್ಲೇ ತೆಗೆದುಕೊಳ್ಳೋಣ, ಸಾಲ ಆದರೂ ಆಗಲಿ’ ಎಂದುಕೊಳ್ಳುತ್ತಾನೆ. ಇಬ್ಬರೂ ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಆ ವಿಡಿಯೊದಲ್ಲಿ ಕೇಳುವುದು ಬಹುತೇಕ ಎಐ ಅಲ್ಲ, ಬಹಳ ಹಳೆಯ ಒಂದು ಉಪಾಯ. ನಿಜವಾದ ಹೊಸತನ ಬರುತ್ತಿದೆ, ಆದರೆ ಬೇರೆ ದಿಕ್ಕಿನಿಂದ.

ಅರೇಂಜರ್ ಅಂದರೆ ಏನು?

ಪಿಯಾನೊದ ಹಾಗೆ ಒತ್ತಿದ ಸ್ವರವನ್ನಷ್ಟೇ ನುಡಿಸುವುದು ಒಂದು ಬಗೆಯ ಕೀಬೋರ್ಡ್. ಅರೇಂಜರ್ ಹಾಗಲ್ಲ. ನೀವು ಎಡಗೈಯಲ್ಲಿ ಒಂದು ಕಾರ್ಡ್ ಹಿಡಿದರೆ ಅದು ಅದಕ್ಕೆ ಹೊಂದುವ ತಾಳ, ಬೇಸ್, ಗಿಟಾರ್, ಹಿನ್ನೆಲೆ ವಾದ್ಯಗಳನ್ನು ತಾನೇ ಕೂಡಿಸಿ ನುಡಿಸುತ್ತದೆ. ಹೀಗೆ ಮೊದಲೇ ಕಟ್ಟಿಟ್ಟ ಹಿನ್ನೆಲೆಗೆ ‘ಸ್ಟೈಲ್’ ಎಂದು ಹೆಸರು. ಯಮಾಹಾದ ಪಿಎಸ್‌ಆರ್ ಸರಣಿ ಮತ್ತು ಜೀನೋಸ್, ಕೋರ್ಗ್‌ನ ಪಿಎ ಸರಣಿ, ಇಟಲಿಯ ಕೆಟ್ರಾನ್ ಇವೆಲ್ಲ ಈ ಜಾತಿಯವು. ಮನೆಯಲ್ಲಿ ಮಕ್ಕಳು ಕಲಿಯುವ ಕ್ಯಾಸಿಯೊಗಳಲ್ಲೂ ಹೆಚ್ಚಿನವು ಸಣ್ಣ ಅರೇಂಜರ್‌ಗಳೇ.

ಅವುಗಳ ಹೊಟ್ಟೆಯೊಳಗಿರುವ ಪಿಟೀಲು ಎಲ್ಲಿಂದ ಬಂತು? ಯಾರೋ ಒಬ್ಬ ನಿಜವಾದ ಪಿಟೀಲು ವಾದಕ ಸ್ಟುಡಿಯೊದಲ್ಲಿ ಕೂತು ಒಂದೊಂದೇ ಸ್ವರ ನುಡಿಸಿದ್ದಾನೆ, ಅದನ್ನು ರೆಕಾರ್ಡ್ ಮಾಡಿ ಚಿಪ್‌ನಲ್ಲಿ ಇಟ್ಟಿದ್ದಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಉಪಾಯ ಹೊಸದೇನಲ್ಲ. 1963ರಲ್ಲಿ ಇಂಗ್ಲೆಂಡಿನಲ್ಲಿ ಮೆಲೊಟ್ರಾನ್ ಎಂಬ ವಾದ್ಯ ಬಂತು. ಅದರಲ್ಲಿ ಪ್ರತಿ ಕೀಯ ಕೆಳಗೂ ಒಂದೊಂದು ಟೇಪಿನ ತುಂಡು. ಕೀ ಒತ್ತಿದರೆ ಟೇಪು ಓಡಿ, ಅದರಲ್ಲಿ ಮುದ್ರಿಸಿಟ್ಟ ಪಿಟೀಲೋ ಕೊಳಲೋ ಸುಮಾರು 8 ಸೆಕೆಂಡು ಕೇಳಿಸುತ್ತಿತ್ತು. ಆಗಲೂ ಅಲ್ಲಿನ ಸಂಗೀತಗಾರರ ಸಂಘ ‘ನಮ್ಮ ಅನ್ನಕ್ಕೆ ಕಲ್ಲು ಬಿತ್ತು’ ಎಂದು ಗಾಬರಿಯಾಗಿತ್ತು. 1982ರಲ್ಲಿ ಅದೇ ಸಂಘದ ಲಂಡನ್ ಶಾಖೆಯಲ್ಲಿ ಸಿಂಥಸೈಜರ್‌ಗಳನ್ನೇ ನಿಷೇಧಿಸಬೇಕೆಂಬ ಕೂಗೂ ಎದ್ದಿತ್ತು. ಇಂದಿನ ಫಾರ್ವರ್ಡಿನ ಭಯಕ್ಕೆ ಅರವತ್ತು ವರ್ಷ ವಯಸ್ಸಾಗಿದೆ ಅಂದ ಹಾಗಾಯಿತು.

ಜಿಬಿ ಹೆಚ್ಚಾದರೆ ಧ್ವನಿ ನಿಜವಾಗುತ್ತದೆಯೇ?

ಅಂಗಡಿಯವರು ಹೆಚ್ಚಾಗಿ ಹೇಳುವುದು ಇದನ್ನೇ: ‘ಸಾರ್, ಇದರಲ್ಲಿ ಮೆಮೊರಿ ಜಾಸ್ತಿ.’ ಒಂದು ಮಟ್ಟಿಗೆ ಅದು ನಿಜ. ಒಂದು ಸಣ್ಣ ಲೆಕ್ಕ ನೋಡಿ. ಸಿಡಿ ಗುಣಮಟ್ಟದ ಸ್ಟೀರಿಯೊ ಧ್ವನಿಗೆ ಒಂದು ಸೆಕೆಂಡಿಗೆ 44,100 ಅಳತೆ ಬೇಕು. ಒಂದೊಂದು ಅಳತೆಗೆ ಎಡ ಬಲ ಸೇರಿ 4 ಬೈಟ್. ಪಿಯಾನೊದ 88 ಕೀಗಳನ್ನು ಮೆಲ್ಲನೆಯಿಂದ ಜೋರಿನವರೆಗೆ 10 ಹಂತಗಳಲ್ಲಿ, ಒಂದೊಂದನ್ನೂ 20 ಸೆಕೆಂಡು ರೆಕಾರ್ಡ್ ಮಾಡಿದರೆ ಪಿಯಾನೊ ಒಂದಕ್ಕೇ 3 ಜಿಬಿಗೂ ಹೆಚ್ಚು ಜಾಗ ಬೇಕು. ಹಳೆಯ ಕೀಬೋರ್ಡುಗಳಲ್ಲಿ ಇಡೀ ನೂರಾರು ಟೋನ್‌ಗಳಿಗೆ ಕೆಲವೇ ಎಂಬಿ ಇರುತ್ತಿತ್ತು. ಹಾಗಾಗಿ ಒಂದು ಸ್ವರದ ರೆಕಾರ್ಡಿಂಗನ್ನೇ ಎಳೆದು ಅಕ್ಕಪಕ್ಕದ ನಾಲ್ಕೈದು ಕೀಗಳಿಗೆ ಹಂಚುತ್ತಿದ್ದರು. ಸ್ವರದ ಕೊನೆಯ ಚೂರನ್ನು ಸುತ್ತಿ ಸುತ್ತಿ ನುಡಿಸುತ್ತಿದ್ದರು. ‘ಕ್ಯಾಸಿಯೊ ಸೌಂಡು’ ಎಂದು ನಾವು ತಮಾಷೆ ಮಾಡುತ್ತಿದ್ದುದು ಈ ಬಡತನವನ್ನೇ.

ಈಗ ಮೆಮೊರಿ ಅಗ್ಗ. ಆ ಬಡತನ ಬಹುಪಾಲು ತೀರಿದೆ. ಆದ್ದರಿಂದಲೇ ಪಿಯಾನೊ, ಡ್ರಮ್ಸ್, ತಬಲಾದಂಥ ಹೊಡೆದು ಬಿಡುವ ವಾದ್ಯಗಳು ಒಳ್ಳೆಯ ಕೀಬೋರ್ಡಿನಲ್ಲಿ ನಮ್ಮನ್ನು ನಂಬಿಸಿಬಿಡುತ್ತವೆ. ಅವುಗಳಲ್ಲಿ ಪೆಟ್ಟು ಬಿದ್ದ ಮೇಲೆ ವಾದಕನ ಪಾತ್ರ ಬಹುತೇಕ ಮುಗಿಯಿತು. (ತಬಲಾದ ಎಡಭಾಗದಲ್ಲಿ ಅಂಗೈ ಒತ್ತಿ ಜಾರಿಸುವ ನಾದ ಮಾತ್ರ ಇನ್ನೂ ಕಾಡುತ್ತದೆ, ಆ ಮಾತು ಬೇರೆ.)

ಪಿಟೀಲು, ಕೊಳಲು, ನಾದಸ್ವರ, ಸ್ಯಾಕ್ಸೊಫೋನ್ ಹಾಗಲ್ಲ. ಅಲ್ಲಿ ಸ್ವರ ಹುಟ್ಟಿದ ಮೇಲೂ ಬಿಲ್ಲು ಅಥವಾ ಉಸಿರು ಅದನ್ನು ಸಾಕುತ್ತಲೇ ಇರುತ್ತದೆ. ರೈಲು ನಿಲ್ದಾಣದ ಘೋಷಣೆ ನೆನಪಿಸಿಕೊಳ್ಳಿ. ‘ಗಾಡಿ ಸಂಖ್ಯೆ... ಒಂದು... ಆರು... ಐದು...’ ಪ್ರತಿ ಪದವನ್ನೂ ಮನುಷ್ಯರೇ ಸ್ವಚ್ಛವಾಗಿ ಹೇಳಿದ್ದಾರೆ. ಆದರೂ ಕೇಳಿದ ತಕ್ಷಣ ಇದು ಜೋಡಿಸಿದ ಮಾತು ಎಂದು ಮಗುವಿಗೂ ಗೊತ್ತಾಗುತ್ತದೆ. ಕಾರಣ, ಪದಗಳ ನಡುವಿನ ಹರಿವು ಅಲ್ಲಿಲ್ಲ. ಆ ಘೋಷಣೆಯನ್ನು ಎಷ್ಟು ಜಿಬಿಯ ಗುಣಮಟ್ಟದಲ್ಲಿ ಮುದ್ರಿಸಿದರೂ ಅದು ಮಾತುಕತೆ ಆಗದು. ಕೀಬೋರ್ಡಿನ ಪಿಟೀಲಿನ ಕಷ್ಟವೂ ಅದೇ. ಸ್ವರಗಳಿವೆ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಇಲ್ಲ.

ನಮ್ಮ ಸಂಗೀತಕ್ಕೆ ಈ ದಾರಿಯೇ ಪ್ರಾಣ. ಗಮಕ, ಜಾರು, ಮೀಂಡ್ ಎಲ್ಲವೂ ದಾರಿಯ ಹೆಸರುಗಳು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಾಗ ಕೊಟ್ಟ ದೊಡ್ಡ ಕಾರಣಗಳಲ್ಲಿ ಇದೂ ಒಂದು: ಅದರ ಸ್ವರಗಳು ಗೂಟ ಹೊಡೆದ ಹಾಗೆ ನಿಂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರುವುದಿಲ್ಲ. ಆ ನಿಷೇಧ 1971ರವರೆಗೆ, ಅಂದರೆ ಮೂರು ದಶಕ ನಡೆಯಿತು. ಹಾರ್ಮೋನಿಯಂ ಮಾತ್ರ ಭಜನೆ ಮನೆ, ಕಂಪನಿ ನಾಟಕ, ಹಿಂದೂಸ್ತಾನಿ ಕಚೇರಿ ಎಲ್ಲೂ ಬಿಟ್ಟುಹೋಗಲಿಲ್ಲ.

ಕಂಪನಿಗಳು ಈವರೆಗೆ ಏನು ಮಾಡಿವೆ?

ಮೊದಲ ದಾರಿ, ದಾರಿಯನ್ನೂ ರೆಕಾರ್ಡ್ ಮಾಡಿಬಿಡುವುದು. ನೀವು ಒಂದು ಕೀ ಬಿಡುವ ಮೊದಲೇ ಮುಂದಿನದನ್ನು ಒತ್ತಿದರೆ, ಕೀಬೋರ್ಡು ‘ಇವರು ಸ್ವರ ಕೂಡಿಸಿ ನುಡಿಸುತ್ತಿದ್ದಾರೆ’ ಎಂದು ಊಹಿಸಿ ಬೇರೆಯೇ ತುಣುಕನ್ನು ಹೊರಡಿಸುತ್ತದೆ. ಗಿಟಾರಿನಲ್ಲಿ ಬೆರಳು ತಂತಿ ಮೇಲೆ ಉಜ್ಜುವ ಸದ್ದು, ಸ್ಯಾಕ್ಸೊಫೋನಿನ ಉಸಿರು ಇವನ್ನೆಲ್ಲ ಹೀಗೆಯೇ ಸೇರಿಸುತ್ತಾರೆ. ಯಮಾಹಾ ಇದನ್ನು ಸೂಪರ್ ಆರ್ಟಿಕ್ಯುಲೇಶನ್ ಎನ್ನುತ್ತದೆ, ಕೋರ್ಗ್ ಡಿಎನ್‌ಸಿ ಎನ್ನುತ್ತದೆ. ಫಾರ್ವರ್ಡ್ ವಿಡಿಯೊಗಳಲ್ಲಿ ‘ಎಐ’ ಎಂದು ಹೆಸರಿಟ್ಟು ಹಂಚುವುದು ಹೆಚ್ಚಾಗಿ ಇದನ್ನೇ. ಇದು ಒಳ್ಳೆಯ ಕೆಲಸವೇ. ಆದರೆ ಇದರಲ್ಲಿ ಕಲಿಯುವ ಬುದ್ಧಿ ಏನೂ ಇಲ್ಲ. ‘ಹೀಗಾದರೆ ಈ ತುಣುಕು, ಹಾಗಾದರೆ ಆ ತುಣುಕು’ ಎಂಬ ನಿಯಮಗಳ ಪಟ್ಟಿ ಅಷ್ಟೆ.

ಹಿನ್ನೆಲೆ ಸ್ಟೈಲ್‌ಗಳ ಕಥೆ ಇನ್ನೂ ಸುಲಭ. ಅಲ್ಲಿ ಮುಂದೇನು ಬರುತ್ತದೆ ಎಂದು ಯಂತ್ರಕ್ಕೆ ಮೊದಲೇ ಗೊತ್ತು. ಕೆಟ್ರಾನ್‌ನಂಥ ಕಂಪನಿಗಳು ಡ್ರಮ್ಮರ್ ಬಾರಿಸಿದ ಇಡೀ ತಾಳವನ್ನೇ ಆಡಿಯೊ ಆಗಿ ಒಳಗಿಟ್ಟಿವೆ. ಅದು ನಿಜವಾದ ಡ್ರಮ್ಸ್‌ನಂತೆ ಕೇಳುತ್ತದೆ ಅಂದರೆ ಆಶ್ಚರ್ಯವಿಲ್ಲ, ಅದು ನಿಜವಾದ ಡ್ರಮ್ಸೇ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟದ್ದು. ವಾದ್ಯವನ್ನು ರೆಕಾರ್ಡ್ ಮಾಡುವ ಬದಲು ಅದರ ಭೌತವಿಜ್ಞಾನವನ್ನೇ ಲೆಕ್ಕವಾಗಿ ಬರೆಯುವುದು. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು ಪ್ರಕಟಿಸಿದ ವಿಧಾನ ನೋಡಿದರೆ ನಗು ಬರುವಷ್ಟು ಸರಳ. ನೂರು ಸಂಖ್ಯೆಗಳನ್ನು ಮನಸ್ಸಿಗೆ ಬಂದ ಹಾಗೆ ಸಾಲಾಗಿ ಬರೆಯಿರಿ. ಅವನ್ನು ಸೆಕೆಂಡಿಗೆ 44,100ರ ವೇಗದಲ್ಲಿ ಮತ್ತೆ ಮತ್ತೆ ಓದಿಸಿ. ಪ್ರತಿ ಸುತ್ತಿನಲ್ಲೂ ಪ್ರತಿ ಸಂಖ್ಯೆಯನ್ನು ಅದರ ಪಕ್ಕದ್ದರ ಜೊತೆ ಕೂಡಿಸಿ ಅರ್ಧ ಮಾಡಿ. ಅಷ್ಟೇ. ಸ್ಪೀಕರಿನಿಂದ ಹೊರಬರುವುದು ಮೀಟಿದ ತಂತಿಯ ನಾದ, ಸೆಕೆಂಡಿಗೆ ಸುಮಾರು 440 ಕಂಪನ! ಸಾಲು ಉದ್ದ ಮಾಡಿದರೆ ಶ್ರುತಿ ಇಳಿಯುತ್ತದೆ, ಗಿಡ್ಡ ಮಾಡಿದರೆ ಏರುತ್ತದೆ. ನಿಜವಾದ ತಂತಿಯ ಹಾಗೆಯೇ. ಇಲ್ಲಿ ಒಂದೇ ಒಂದು ರೆಕಾರ್ಡಿಂಗ್ ಇಲ್ಲ.

ಇದೇ ವಿಚಾರವನ್ನು ಬೆಳೆಸಿ ಯಮಾಹಾ 1994ರಲ್ಲಿ ವಿಎಲ್1 ಎಂಬ ಕೀಬೋರ್ಡ್ ತಂದಿತು. ಊದುವ ನಳಿಕೆ ಬಾಯಲ್ಲಿಟ್ಟುಕೊಂಡು ನುಡಿಸಿದರೆ ಅದರ ಗಾಳಿವಾದ್ಯಗಳು ಉಸಿರಾಡುತ್ತಿದ್ದವು. ಒಮ್ಮೆಗೆ ಎರಡೇ ಸ್ವರ ನುಡಿಸಬಹುದಿತ್ತು, ಬೆಲೆ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು: ಉಸಿರು, ಒತ್ತಡ ಎಲ್ಲವನ್ನೂ ವಾದಕನೇ ಕೊಡಬೇಕು, ಕೊಡದಿದ್ದರೆ ಸದ್ದು ಸತ್ತಂತಿರುತ್ತದೆ. ಮಾಮೂಲಿ ಕೀಬೋರ್ಡ್ ವಾದಕರಿಗೆ ಅದು ಇನ್ನೊಂದು ವಾದ್ಯ ಕಲಿತಷ್ಟೇ ಕೆಲಸ. ಪಿಯಾನೊದಲ್ಲಿ ಮಾತ್ರ ಈ ದಾರಿ ಚೆನ್ನಾಗಿ ಗೆದ್ದಿದೆ. 2009ರ ರೋಲ್ಯಾಂಡ್ ವಿ-ಪಿಯಾನೊ, ಕಂಪ್ಯೂಟರಿನ ಪಿಯಾನೊಟೆಕ್ ಸಾಫ್ಟ್‌ವೇರ್ ಇವು ಲೆಕ್ಕದಿಂದಲೇ ಪಿಯಾನೊ ಕಟ್ಟುತ್ತವೆ.

ಹಾಗಾದರೆ ಎಐ ಎಲ್ಲಿದೆ?

ಇದೆ, ಆದರೆ ಸದ್ಯಕ್ಕೆ ಹೆಚ್ಚಾಗಿ ಪ್ರಯೋಗಾಲಯ ಮತ್ತು ಕಂಪ್ಯೂಟರ್ ಸಾಫ್ಟ್‌ವೇರುಗಳಲ್ಲಿ. 2016ರಲ್ಲಿ ಡೀಪ್‌ಮೈಂಡ್ ಸಂಸ್ಥೆ ವೇವ್‌ನೆಟ್ ಎಂಬ ನ್ಯೂರಲ್ ಜಾಲ ತಂದಿತು. ಅದು ಧ್ವನಿಯನ್ನು ಒಂದೊಂದೇ ಅಳತೆಯಾಗಿ ತಾನೇ ಹುಟ್ಟಿಸುತ್ತಿತ್ತು. ಒಂದು ಸೆಕೆಂಡಿನ ಧ್ವನಿಗೆ ಸುಮಾರು 50 ಸೆಕೆಂಡು ಹಿಡಿಯುತ್ತಿತ್ತು. ಮರುವರ್ಷವೇ ಅದನ್ನು ಸಾವಿರ ಪಟ್ಟು ವೇಗ ಮಾಡಿದರು.

2020ರಲ್ಲಿ ಗೂಗಲ್‌ನ ಮೆಜೆಂಟಾ ತಂಡದ ಡಿಡಿಎಸ್‌ಪಿ ಎಂಬ ವಿಧಾನ ಬಂತು. ಬರೀ 13 ನಿಮಿಷದ ಪಿಟೀಲು ವಾದನ ಕೇಳಿಸಿ ಆ ಜಾಲಕ್ಕೆ ಪಿಟೀಲಿನ ನಾದ ಕಲಿಸಿದ್ದರು. ಆಮೇಲೆ ನೀವು ಬಾಯಲ್ಲಿ ಹಾಡಿದರೆ ಅದು ಪಿಟೀಲಾಗಿ ಹೊರಬರುತ್ತಿತ್ತು. ನಮ್ಮಲ್ಲಿ ಕೆಲವರು ಇದನ್ನು ತಿಳಿಯದೆಯೇ ಬಳಸಿದ್ದಾರೆ. ಅದೇ ವರ್ಷ ಸ್ವಾತಂತ್ರ್ಯ ದಿನದ ಹೊತ್ತಿಗೆ ‘ಸೌಂಡ್ಸ್ ಆಫ್ ಇಂಡಿಯಾ’ ಎಂಬ ವೆಬ್ ಆಟ ಬಂದಿತ್ತಲ್ಲ? ಫೋನಿಗೆ ರಾಷ್ಟ್ರಗೀತೆ ಹಾಡಿದರೆ ಅದನ್ನು ಬಾನ್ಸುರಿ, ಶಹನಾಯಿ, ಸಾರಂಗಿ ಮಾಡಿ ಕೊಡುತ್ತಿತ್ತು. ಅದರ ಒಳಗಿದ್ದುದು ಇದೇ ವಿದ್ಯೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಶಹನಾಯಿಯಲ್ಲಿ ಸ್ವರಗಳು ಜಾರುತ್ತಿದ್ದವು, ಯಾಕೆಂದರೆ ಹಾಡುವವರ ಗಂಟಲಲ್ಲಿ ಅವು ಜಾರಿದ್ದವು. ಯಂತ್ರ ಗಮಕವನ್ನು ಕಂಡುಹಿಡಿಯಲಿಲ್ಲ, ಕೊಟ್ಟ ಗಮಕಕ್ಕೆ ಶಹನಾಯಿಯ ಬಣ್ಣ ಬಳಿಯಿತು. ಇನ್ನು ಕೀಬೋರ್ಡಿಗೆ ಬನ್ನಿ. ಒಂದು ಕೀ ಒತ್ತಿದಾಗ ಯಂತ್ರಕ್ಕೆ ಸಿಗುವ ಮಾಹಿತಿ ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಟ್ಟರು ಎಂಬಷ್ಟೇ. ಇಷ್ಟೇ ಸುಳಿವಿನಿಂದ ಅದು ಇಡೀ ಗಮಕವನ್ನು ಊಹಿಸಬೇಕು. ಎಷ್ಟೇ ಬುದ್ಧಿವಂತ ಎಐ ಆದರೂ ನೀವು ಹೇಳದ ಮಾತನ್ನು ಅದು ನಿಮ್ಮ ಪರವಾಗಿ ಆಡಿದರೆ, ಅದು ನಿಮ್ಮ ಸಂಗೀತ ಹೇಗಾದೀತು?

ಇನ್ನೊಂದು ಕಟ್ಟು ಸಮಯದ್ದು. ಪಿಟೀಲು ವಾದಕನಿಗೆ ಮುಂದಿನ ಸ್ವರ ಗೊತ್ತಿರುತ್ತದೆ, ಹಾಗಾಗಿ ಈ ಸ್ವರದಲ್ಲಿದ್ದಾಗಲೇ ಬೆರಳು ಹೊರಟಿರುತ್ತದೆ. ಕೀಬೋರ್ಡಿಗೆ ನೀವು ಮುಂದಿನ ಕೀ ಒತ್ತುವವರೆಗೂ ಏನೂ ಗೊತ್ತಿಲ್ಲ. ಒತ್ತಿದ ಮೇಲೂ ಅದು ಯೋಚಿಸುತ್ತ ಕೂರುವ ಹಾಗಿಲ್ಲ. ಸುಮಾರು 10 ಮಿಲಿಸೆಕೆಂಡಿನ ಆಚೆಗೆ ತಡವಾದರೆ ನುಡಿಸುವವರ ಕೈಗೆ ಅದು ತಿಳಿಯತೊಡಗುತ್ತದೆ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಸಾಗುವ ದೂರ ಮೂರೂವರೆ ಮೀಟರಿಗೂ ಸ್ವಲ್ಪ ಕಮ್ಮಿ. ಸ್ಟುಡಿಯೊದಲ್ಲಿ ರೆಕಾರ್ಡ್ ಆದ ಹಾಡಿಗೆ ಎಐ ಮುಂದೆ ಹಿಂದೆ ನೋಡಿ ಸಾವಕಾಶವಾಗಿ ಪಿಟೀಲು ಕೂರಿಸಬಹುದು. ವೇದಿಕೆಯ ಮೇಲೆ ಆ ಸೌಲಭ್ಯ ಇಲ್ಲ. ಸ್ಟುಡಿಯೊ ಮತ್ತು ವೇದಿಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಈ ಫಾರ್ವರ್ಡುಗಳ ದೊಡ್ಡ ತಪ್ಪು.

ಬದಲಾಗಬೇಕಾದ್ದು ಕೀ

ಹೀಗಾಗಿ ಮುಂದಿನ ಹತ್ತು ವರ್ಷದಲ್ಲಿ ನಾನು ಕಣ್ಣಿಟ್ಟಿರುವುದು ಟೋನ್‌ಗಳ ಮೇಲಲ್ಲ, ಕೀಗಳ ಮೇಲೆ. ಕೀಬೋರ್ಡುಗಳು ಮಾತಾಡುವ ಭಾಷೆಗೆ ಮಿಡಿ ಎಂದು ಹೆಸರು (ಉಪ್ಪಿನಕಾಯಿ ಮಿಡಿಯಲ್ಲ). 1983ರ ಆ ಭಾಷೆಯಲ್ಲಿ ಒತ್ತಿದ ಜೋರಿಗೆ 127 ಹಂತ ಮಾತ್ರ. ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಆ ಟೋನ್‌ನಲ್ಲಿ ಹಿಡಿದಿರುವ ಸ್ವರಗಳೆಲ್ಲ ಒಟ್ಟಿಗೆ ಜಾರುತ್ತವೆ. 2020ರ ಜನವರಿಯಲ್ಲಿ ಒಪ್ಪಿಗೆ ಪಡೆದ ಮಿಡಿ 2.0ದಲ್ಲಿ ಆ ಹಂತಗಳು 65 ಸಾವಿರಕ್ಕೂ ಹೆಚ್ಚು, ಮತ್ತು ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಬಾಗಿಸಬಹುದು. ಫ್ರಾನ್ಸಿನ ಒಂದು ಕಂಪನಿಯ ಓಸ್ಮೋಸ್ ಎಂಬ ವಾದ್ಯದಲ್ಲಿ ಕೀಯನ್ನು ಒತ್ತಿ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಸ್ವರವೂ ಅಲುಗುತ್ತದೆ. ವೀಣೆಯ ತಂತಿ ಎಳೆದ ಹಾಗೆ.

ಅರೇಂಜರ್ ನುಡಿಸುವ ನಮ್ಮವರಿಗೆ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಒಂದು ಕೈಯ ಜಗಳವಿದೆ. ಗಮಕ ಬೇಕೆಂದರೆ ಎಡಗೈ ಪಿಚ್ ಬೆಂಡ್ ಮೇಲಿರಬೇಕು. ಸ್ಟೈಲ್ ಓಡಬೇಕೆಂದರೆ ಅದೇ ಎಡಗೈ ಕಾರ್ಡ್ ಹಿಡಿಯಬೇಕು. ಒಂದೇ ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತದ ಕಚೇರಿ ನಡೆಸುವ ಕಲಾವಿದರು ಕಾರ್ಡಿನ ಗೊಡವೆಗೆ ಹೋಗದೆ ಇಡೀ ಎಡಗೈಯನ್ನು ಚಕ್ರಕ್ಕೇ ಕೊಟ್ಟಿರುತ್ತಾರೆ. ರಸಮಂಜರಿಯವರಿಗೆ ಆ ಭಾಗ್ಯವಿಲ್ಲ. ಕೀ ತಾನೇ ಅಲುಗುವಂತಾದ ದಿನ ಈ ಜಗಳ ತೀರುತ್ತದೆ. ಅಲ್ಲಿಯವರೆಗೆ ನನ್ನ ಅಂದಾಜಿನಲ್ಲಿ ಇನ್ನೊಂದು ಅಡ್ಡದಾರಿಯೂ ತೆರೆಯಬಹುದು: ಅನೇಕ ಅರೇಂಜರ್‌ಗಳಲ್ಲಿ ಈಗಾಗಲೇ ಇರುವ ಮೈಕಿಗೆ ಕೊಳಲಿನ ಸಾಲನ್ನು ಗುನುಗುವುದು, ಯಂತ್ರ ಅದನ್ನು ಕೊಳಲಾಗಿಸುವುದು.

ಯಾರ ವಾದ್ಯ ಒಳಗೆ ಬರುತ್ತದೆ ಎಂಬುದು ಮಾತ್ರ ತಂತ್ರಜ್ಞಾನದ ಪ್ರಶ್ನೆಯಲ್ಲ, ಮಾರುಕಟ್ಟೆಯದು. ಅರಬ್ ಸಂಗೀತಕ್ಕೆ ಅರ್ಧಕ್ಕಿಂತ ಸಣ್ಣ ಸ್ವರಾಂತರ ಬೇಕು ಎಂದು ಕೋರ್ಗ್ ಮತ್ತು ಯಮಾಹಾ ಅವರಿಗಾಗಿಯೇ ಬೇರೆ ಮಾಡೆಲ್ ಮಾಡುತ್ತವೆ. ಭಾರತಕ್ಕೆಂದು ಯಮಾಹಾದ ಪಿಎಸ್‌ಆರ್-ಐ500, ಕ್ಯಾಸಿಯೊದ ಸಿಟಿ-ಎಕ್ಸ್9000ಐಎನ್ ಬಂದವು. ಸಿತಾರ್, ತಬಲಾ, ತಾನ್‌ಪುರಗಳಿಗೆ ಜಾಗ ಸಿಕ್ಕಿತು. ಯಕ್ಷಗಾನದ ಚಂಡೆ, ಡೊಳ್ಳು, ತಮಟೆ ಬೇಕೆಂದರೆ ಇಂದಿಗೂ ನಾವೇ ರೆಕಾರ್ಡ್ ಮಾಡಿ ಹಾಕಿಕೊಳ್ಳುವುದು ಸುಲಭದ ದಾರಿ. ಇದೇನೂ ಹೊರಗಿನವರನ್ನೇ ಕಾಯಬೇಕಾದ ಕೆಲಸವಲ್ಲ. ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿಪೆಟ್ಟಿಗೆಗಳನ್ನು ಮನೆಮನೆಗೆ ಮುಟ್ಟಿಸಿದ ರಾಡೆಲ್ ಸಂಸ್ಥೆ ನಮ್ಮ ಬೆಂಗಳೂರಿನದೇ. ಅದನ್ನು ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರ್ ಆಗಿದ್ದರು, ಕೊಳಲು ವಾದಕರೂ ಆಗಿದ್ದರು. 13 ನಿಮಿಷದ ರೆಕಾರ್ಡಿಂಗ್ ಸಾಕೆಂದಾದರೆ ಒಬ್ಬ ಒಳ್ಳೆಯ ನಾದಸ್ವರ ವಿದ್ವಾಂಸರು, ಒಂದು ಒಳ್ಳೆಯ ಮೈಕು, ಒಂದು ಮಧ್ಯಾಹ್ನ ಸಾಕು. ಆ ವಿದ್ವಾಂಸರನ್ನು ಕೇಳಿ, ಒಪ್ಪಿಸಿ, ಹಣ ಕೊಟ್ಟು ಮಾಡಬೇಕು ಎನ್ನುವುದನ್ನು ಮರೆಯಬಾರದು ಅಷ್ಟೆ.

ಕೆಲಸ ಹೋಗುತ್ತದೆ ಎಂಬ ಮಾತು ಸುಳ್ಳೇ?

ಪೂರ್ತಿ ಸುಳ್ಳು ಎಂದು ಹೇಳಿ ಸಮಾಧಾನ ಮಾಡುವುದು ತಪ್ಪಾಗುತ್ತದೆ. ಕೀಬೋರ್ಡು ಬಂದ ಮೇಲೆ ನಮ್ಮ ಸಿನಿಮಾ ಸ್ಟುಡಿಯೊಗಳಲ್ಲಿ ಸಾಲಾಗಿ ಕೂರುತ್ತಿದ್ದ ಪಿಟೀಲು ವಾದಕರ ಸಂಖ್ಯೆ ಕರಗಿದ್ದು ನಿಜ. ವಾದ್ಯಗೋಷ್ಠಿಗಳಲ್ಲಿ ಅಕಾರ್ಡಿಯನ್, ಮ್ಯಾಂಡೊಲಿನ್, ಟ್ರಂಪೆಟ್ ಕಾಣದಾಗಿದ್ದೂ ನಿಜ. ಅದಕ್ಕೆ ಎಐ ಬೇಕಾಗಿರಲಿಲ್ಲ, ‘ಪರವಾಗಿಲ್ಲ, ಇಷ್ಟು ಸಾಕು’ ಎನ್ನುವ ಟೋನ್ ಸಾಕಾಗಿತ್ತು. ಈಗ ಕೀಬೋರ್ಡ್ ವಾದಕರ ಕೆಲಸಕ್ಕೆ ಕೈ ಹಾಕಿರುವುದೂ ಇನ್ನೊಂದು ದುಬಾರಿ ಕೀಬೋರ್ಡಲ್ಲ. ಪೆನ್‌ಡ್ರೈವಿನಲ್ಲಿ ಬರುವ ಕರೋಕೆ ಟ್ರ್ಯಾಕ್. ಅದರಲ್ಲಿ ನೈಜತೆ ನೂರಕ್ಕೆ ನೂರು, ಖರ್ಚು ಹೆಚ್ಚುಕಡಿಮೆ ಸೊನ್ನೆ. ಟ್ರ್ಯಾಕಿಗೆ ಆಗದ್ದು ಒಂದೇ: ಗಾಯಕ ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡರೆ, ಶ್ರುತಿ ಅರ್ಧ ಮನೆ ಇಳಿಸಿ ಎಂದರೆ, ಜನ ಒನ್ಸ್ ಮೋರ್ ಅಂದರೆ ಅದು ಕಾಯುವುದಿಲ್ಲ. ಅರೇಂಜರ್ ಮುಂದೆ ಕೂತವರು ಕಾಯುತ್ತಾರೆ.

ಕೊಳ್ಳುವವರಿಗೆ ಒಂದೆರಡು ಮಾತು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ಬಹುತೇಕ ಕೇಳಿಸುವುದೇ ಇಲ್ಲ, ಆದ್ದರಿಂದ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಅಂಗಡಿಗೆ ಹೋಗಿ, ಡೆಮೊ ಬಟನ್ ಬಿಟ್ಟು, ನೀವೇ ಒತ್ತಿ ನೋಡಿ. ಒಂದೇ ಕೀಯನ್ನು ಒಂದೇ ಜೋರಿನಲ್ಲಿ ಹತ್ತು ಸಲ ಬೇಗ ಬೇಗ ಒತ್ತಿ. ಹತ್ತೂ ಅಚ್ಚು ಹಾಕಿದಂತೆ ಒಂದೇ ಥರ ಕೇಳಿದರೆ ಒಳಗಿರುವುದು ಒಂದೇ ತುಣುಕು. ಪಿಟೀಲಿನ ಟೋನ್ ಹಾಕಿ ಒಂದು ಕೀ ಬಿಡದೆ ಪಕ್ಕದ್ದನ್ನು ಒತ್ತಿ, ಸ್ವರ ಹರಿಯುತ್ತದೋ ಹಾರುತ್ತದೋ ನೋಡಿ. ಪಿಚ್ ಬೆಂಡ್ ಚಕ್ರ ಇದೆಯೇ, ಎಷ್ಟು ಸ್ವರ ಜಾರಿಸಬಹುದು ಎಂದು ಕೇಳಿ. ಮನೆಯಲ್ಲಿ ಹಳೆಯ ಕೀಬೋರ್ಡ್ ಇದ್ದರೆ ಅದರ ಹಿಂದೆ ಯುಎಸ್‌ಬಿ ಕಿಂಡಿ ಇದೆಯೇ ಎಂದೊಮ್ಮೆ ನೋಡಿ. ಅದರಲ್ಲಿ ಮಿಡಿ ಹೊರಬರುವುದಾದರೆ ಸರಿಯಾದ ಕೇಬಲ್ ಹಾಕಿ ಫೋನಿಗೋ ಲ್ಯಾಪ್‌ಟಾಪಿಗೋ ಸೇರಿಸಬಹುದು, ಟೋನ್‌ಗಳು ಅಲ್ಲಿಂದ ಬರುತ್ತವೆ. ಹಾಗೆ ಮಾಡಿದರೆ ಹತ್ತು ವರ್ಷ ಹಳೆಯ ಕೀಗಳಿಗೂ ಈ ವರ್ಷದ ಪಿಟೀಲು ಸಿಗುತ್ತದೆ, ಹೊಸ ಮಾಡೆಲ್‌ನ ಸಾಲ ಸದ್ಯಕ್ಕೆ ಮುಂದೆ ಹೋಗುತ್ತದೆ.